ಗೆಜ್ಜೆ ಕಟ್ಟಿದ ಪ್ರೊಸೆಸರ್

ನನ್ನ ಅಂಗಡಿಗೆ ಕೆಟ್ಟ ಕಂಪ್ಯೂಟರ್ ಒಂಟಿಯಾಗಿ ಬಂದದ್ದು ನನಗೆ ನೆನಪಿಲ್ಲ. ಅದರ ಹಿಂದೆ ಒಂದು ಪ್ರಸಂಗವೂ ಬಂದೇ ಬರುತ್ತದೆ. ಕಂಪ್ಯೂಟರ್ ರಿಪೇರಿಯಾಗಿ ಹೋಗುತ್ತದೆ, ಪ್ರಸಂಗ ನನ್ನ ಹತ್ತಿರವೇ ಉಳಿಯುತ್ತದೆ.

ಅಂಗಡಿ ಅಂದರೆ ಬಸವಕಲ್ಯಾಣದ ಬಸ್‌ಸ್ಟ್ಯಾಂಡಿಗೆ ಹತ್ತಿರದ ಗಲ್ಲಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆ. ಮನೆಯವರು ಸಾಲೆ ಮಾಸ್ತರು, ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ನಾನು ಹತ್ತೊಂಬತ್ತು ವರ್ಷದಿಂದ ವಾರದ ಏಳೂ ದಿನ ಬಾಗಿಲು ತೆರೆದು ಕೂತಿದ್ದೇನೆ. ಆದರೂ ಮೊನ್ನೆ ಒಬ್ಬರು ಪ್ರಿಂಟರ್ ಹೊತ್ತು ತಂದು, ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ ಕೇಳಿದರು:

"ರಿಪೇರಿ ಮಾಡೋ ಸಾಹೇಬ್ರು ಯಾವಾಗ ಬರ್ತಾರ್ರೀ ಅಕ್ಕಾ?"

ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇತ್ತು. "ಬಂದು ಹತ್ತೊಂಬತ್ತು ವರ್ಷ ಆತ್ರಿ, ಕೂಡ್ರಿ" ಅಂದೆ.

ಕೂತರು. ನಾನು ಪ್ರಿಂಟರ್ ಬಿಚ್ಚಿದೆ, ಸರಿಮಾಡಿದೆ, ಮುಚ್ಚಿದೆ. ಅರ್ಧ ತಾಸಾದ ಮೇಲೆ ಅವರು ಗಡಿಯಾರ ನೋಡಿ, "ಇನ್ನೂ ಬರ್ಲಿಲ್ಲಲ್ರಿ?" ಅಂದರು.

ಇಂಥವು ನೂರು ಇವೆ. ಇಲ್ಲಿ ಹೇಳುತ್ತಿರುವುದು ಮಾತ್ರ ಒಂದೇ ಮಷೀನಿನ, ಒಂದೇ ವಾರದ ಸಂಗತಿ. ಆ ವಾರ ನನ್ನ ಅಂಗಡಿಯ ಬೋರ್ಡು ಇಳಿಯುವುದರಲ್ಲಿತ್ತು.

೧. ಅಕ್ಷತೆ

ಹುಮನಾಬಾದಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಭಾಯಿಯೊಬ್ಬರು ನನ್ನ ಹಳೆಯ ಗಿರಾಕಿ. ಡಿಸೆಂಬರಿನ ಒಂದು ಬುಧವಾರ ಅವರು ತಮ್ಮ ಕಂಪ್ಯೂಟರನ್ನು ಚಾದರಿನಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಹನ್ನೊಂದು ವರ್ಷದ ಮಷೀನು.

"ಅಕ್ಕಾ, ಇಜ್ಜತ್ ಪ್ರಶ್ನೆ" ಅಂದರು ಕೂಡುವ ಮೊದಲೇ.

ವಿಷಯ ಇಷ್ಟು. ಹುಡಗಿ ಎಂಬ ಊರಿನ ಒಂದು ದೊಡ್ಡ ಮನೆತನದ ಹಿರಿಮಗಳ ಲಗ್ನದ ವಿಡಿಯೋ ಭಾಯಿಯ ಕೈಯಲ್ಲಿತ್ತು. ಮುಂದಿನ ಮಂಗಳವಾರ ಬೀಗರು ಊಟಕ್ಕೆ ಬರುವವರಿದ್ದರು. ಅಂದು ಎಲ್ಲರೂ ಕೂತು ವಿಡಿಯೋ ನೋಡಬೇಕು. ಕತ್ತರಿಸಿ ಜೋಡಿಸುವ ಕೆಲಸವನ್ನು ಭಾಯಿ ಸಣ್ಣ ಲ್ಯಾಪ್‌ಟಾಪಿನಲ್ಲಿ ಐತವಾರ ಸಂಜೆಗೆ ಮುಗಿಸುತ್ತಾರೆ. ಆಮೇಲೆ ಅದನ್ನೆಲ್ಲ ಸೇರಿಸಿ ಒಂದೇ ವಿಡಿಯೋ ಆಗಿ ಬೇಯಿಸುವುದಿದೆಯಲ್ಲ, ರೆಂಡರ್ ಅನ್ನುತ್ತಾರೆ, ಅದು ಈ ದೊಡ್ಡ ಮಷೀನಿನ ಕೆಲಸ. ಅದು ಈಗ ಒಂದು ಹಗಲು ಒಂದು ರಾತ್ರಿ ತೆಗೆದುಕೊಂಡು, ಮುಗಿಯುವ ಹೊತ್ತಿಗೆ ನಿಂತುಬಿಡುತ್ತಿತ್ತು.

"ಆ ಮನ್ಯಾಗ ಇನ್ನ ಎರಡು ಹೆಣ್ಮಕ್ಳು ಅವ ಅಕ್ಕಾ. ಇದು ಲೇಟ್ ಆತಂದ್ರ ಎರಡೂ ಲಗ್ನ ಎದುರಿನ ಹೊಸ ಸ್ಟುಡಿಯೋದವಗ ಹೋತಾವ. ಅಲ್ಲಿ ಹೊಸಾ ಮಷೀನ್ ಮಾರೋರು ಇದನ್ನ ಗುಜರಿಗಿ ಹಾಕು ಅಂತಾರ."

ಗುಜರಿ ಅನ್ನುವ ಪದ ನನ್ನ ಅಂಗಡಿಯಲ್ಲಿ ಯಾರೂ ಆಡಬಾರದು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಮಷೀನಿನ ಬದಿಯ ತಗಡು ಬಿಚ್ಚಿದೆ.

ಒಳಗಿಂದ ಅಕ್ಷತೆ ಸುರಿಯಿತು. ಭಾಯಿ ಈ ಮಷೀನನ್ನು ಹನ್ನೊಂದು ವರ್ಷ ಲಗ್ನದ ಮಂಟಪಗಳಿಗೆ ಒಯ್ದು, ವೇದಿಕೆಯ ಪಕ್ಕದಲ್ಲಿಟ್ಟು, ದೊಡ್ಡ ಪರದೆಗೆ ಹಚ್ಚುತ್ತಿದ್ದರು. ಜನ ವಧೂವರರ ಮೇಲೆ ಎಸೆದದ್ದರಲ್ಲಿ ಅರ್ಧ ಇದರೊಳಗೆ ಹೋಗಿತ್ತು. ಪ್ರೊಸೆಸರ್ ಮೇಲಿನ ಫ್ಯಾನಿನ ಸಂದಿಯಲ್ಲಿ ಅರಿಶಿನದ ಅಕ್ಕಿ ಗಟ್ಟಿಯಾಗಿ ಕೂತಿತ್ತು. ಗಾಳಿಯೇ ಆಡದಿದ್ದರೆ ಮಷೀನು ನಿಲ್ಲದೆ ಏನು ಮಾಡೀತು? ಅಕ್ಕಿ, ಒಣಗಿದ ಮಲ್ಲಿಗೆ, ಚಮಕಿ, ಎಲ್ಲ ತೆಗೆದಾದ ಮೇಲೆ ಕೊನೆಗೆ ಒಂದು ಉತ್ತತ್ತಿ ಸಿಕ್ಕಿತು. ನಿಕಾಹ್ ಆದ ಕೂಡಲೇ ಹಾರಿಸುತ್ತಾರಲ್ಲ, ಅದು.

ಭಾಯಿ ಅದನ್ನು ಎತ್ತಿ, ಊದಿ, ಬೆಳಕಿಗೆ ಹಿಡಿದು ನೋಡಿದರು. "ಅಕ್ಕಾ, ಈ ಮಷೀನ್ ಒಯ್ದಿದ್ದು ಒಂದೇ ನಿಕಾಹಕ್ಕ. ಅದು ನಂದೇ."

ಉತ್ತತ್ತಿಯನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಟ್ಟರು. "ನಿಂಗ ಏನೂ ನೆನಪು ಇರಂಗಿಲ್ಲ ಅಂತ ಮನ್ಯಾಗ ಬೈತಾಳ. ಇವತ್ತ ತೋರಸ್ತೀನಿ."

೨. ಹಲ್ಲು

ಸಿಟ್ಟಿನ ಭರದಲ್ಲಿ ನಾನು ಒಂದು ಮಾತು ಆಡಿಬಿಟ್ಟೆ. "ಭಾಯಿ, ಸೋಮವಾರ ಮುಂಜಾನಿ ಆರಕ್ಕ ಹಚ್ಚಿದ್ರ ಸಂಜಿ ಆರಕ್ಕ ವಿಡಿಯೋ ನಿಮ್ಮ ಕೈಯಾಗ ಇರ್ತದ. ಇಲ್ಲಾಂದ್ರ ಈ ಬೋರ್ಡು ನಾನೇ ಇಳಸ್ತೀನಿ." ಬಾಗಿಲಲ್ಲಿ ಚಹಾದವನು, ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು, ಎಲ್ಲರೂ ಕೇಳಿಸಿಕೊಂಡರು. ಆಡಿದ ಮೇಲೆ ಮುಗಿಯಿತು.

ಅಕ್ಕಿ ತೆಗೆದರೆ ಮಷೀನು ನಿಲ್ಲುವುದಿಲ್ಲ, ಅದು ಸರಿ. ಆದರೆ ಹನ್ನೆರಡು ತಾಸಿನಲ್ಲಿ ಮುಗಿಯಬೇಕಾದರೆ ಇನ್ನೂ ವೇಗ ಬೇಕು. ಅದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ಪ್ರೊಸೆಸರ್ ಇಷ್ಟು ವೇಗದಲ್ಲಿ ಓಡಲಿ ಎಂದು ಕಂಪನಿಯವರು ಒಂದು ಅಂಕಿ ಇಟ್ಟಿರುತ್ತಾರೆ. ಇದಕ್ಕೆ ಮೂರೂವರೆ ಗಿಗಾಹರ್ಟ್ಸ್. ಅದನ್ನು ದಾಟಿ ಓಡಿಸುವುದು. ಸ್ವಲ್ಪ ಹೆಚ್ಚು ವೋಲ್ಟೇಜ್ ಕೊಡಬೇಕು, ತಂಪಾಗಿ ಇಡಬೇಕು, ಎಷ್ಟಕ್ಕೆ ತಡೆಯುತ್ತದೆ ಎಂದು ಪರೀಕ್ಷೆ ಮಾಡಬೇಕು.

ಮೊದಲು, ಬಿಸಿ ಹೀರಿ ಫ್ಯಾನಿಗೆ ದಾಟಿಸುವ, ಈಗ ಒಣಗಿ ಸುಣ್ಣವಾಗಿದ್ದ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಲೆಂದು ಪ್ರೊಸೆಸರನ್ನು ಹೊರಗೆ ತೆಗೆದೆ. ಅಷ್ಟರಲ್ಲಿ ಮಾವನವರು ಬಂದು ಎದುರು ಕೂತರು. ಮಂಠಾಳದಲ್ಲಿ ನಲವತ್ತು ವರ್ಷ ಒಕ್ಕಲುತನ ಮಾಡಿದವರು. ಈಗ ಹೊಲ ದೊಡ್ಡ ಮೈದುನನ ಕೈಯಲ್ಲಿದೆ, ಇವರು ನಮ್ಮ ಜೊತೆ. ಎತ್ತು ಕೊಳ್ಳುವವರು ಸುತ್ತಲ ಊರುಗಳಿಂದ ಇವರನ್ನು ಕರೆಯಲು ಬರುತ್ತಿದ್ದರಂತೆ. ಬಾಯಿ ತೆರೆದು ಹಲ್ಲು ನೋಡಿ ಎತ್ತಿನ ವಯಸ್ಸು, ಗುಣ, ಯಾರ ಮನೆಯಲ್ಲಿ ಹೊಟ್ಟೆ ತುಂಬ ತಿಂದಿಲ್ಲ ಅನ್ನುವುದು, ಎಲ್ಲ ಹೇಳುತ್ತಿದ್ದರಂತೆ.

"ಎಷ್ಟು ವಯಸ್ಸವಾ ಇದಕ್ಕ?"

"ಹನ್ನೊಂದು ವರ್ಷ ಮಾವಾ."

"ಮುದಿ ಆತಲ್ಲ. ಇದನ್ನ ಮತ್ತ ಜೋರ್ ಓಡಸಾಕತ್ತೀ?"

ನಾನು ಪ್ರೊಸೆಸರನ್ನು ಬೋರಲು ಮಾಡಿ ತೋರಿಸಿದೆ. ಆ ಕಾಲದ ಪ್ರೊಸೆಸರಿನ ಅಡಿಯಲ್ಲಿ ಸೂಜಿಮೊನೆಯಂಥ ನೂರಾರು ಪಿನ್ನುಗಳಿರುತ್ತವೆ. ಮಾವನವರು ಕಣ್ಣರಳಿಸಿದರು.

"ಇವು ಹಲ್ಲೇನು?"

"ಹಂಗಂತ ತಿಳ್ಕೋರಿ."

ಚಾಳೀಸಿನ ಕನ್ನಡಕ ಹಾಕಿಕೊಂಡು, ಬಾಗಿಲ ಬಿಸಿಲಿಗೆ ಒಯ್ದು, ಸಾಲುಸಾಲಾಗಿ ನೋಡಿದರು. ಹತ್ತು ನಿಮಿಷವಾಯಿತು. ನಾನು ಒಳಗೊಳಗೇ ನಗುತ್ತಿದ್ದೆ. ಆಮೇಲೆ ಅವರು ಅಂದರು: "ಈ ಮೂಲ್ಯಾಗ ಒಂದು ಸೊಟ್ಟ ಆಗೇದ ನೋಡು."

ನೋಡಿದರೆ ಹೌದು! ಒರೆಸುವಾಗ ನನ್ನ ಕೈ ತಾಗಿ ಬಾಗಿರಬೇಕು. ನೋಡದೆ ಹಾಗೇ ಕೂಡಿಸಿ ಒತ್ತಿದ್ದರೆ ಪಿನ್ನು ಮುರಿದು ಭಾಯಿಯ ಇಜ್ಜತ್ತೂ ನನ್ನ ಬೋರ್ಡೂ ಅಂದೇ ಇಳಿಯುತ್ತಿದ್ದವು. ಸೂಜಿಯಿಂದ ಮೆಲ್ಲಗೆ ನೆಟ್ಟಗೆ ಮಾಡಿದೆ. ನನ್ನ ನಗು ಅಡಗಿತ್ತು.

"ಉಳಿದದ್ದು ಬರಾಬರ್ ಅದ, ಇನ್ನ ದುಡೀತದ" ಎಂದು ತೀರ್ಪು ಕೊಟ್ಟು ಅವರು ಕೇಳಿದರು, "ಮೇವು ಏನು ತಿಂತದ?"

"ಕರೆಂಟ್ ಮಾವಾ."

"ಕರೆಂಟ್ ತಿನ್ನಾಕ ಇಷ್ಟು ಹಲ್ಲು ಯಾಕ ಬೇಕು?"

ನಾನು ಪೇಸ್ಟಿನ ಟ್ಯೂಬ್ ಹುಡುಕತೊಡಗಿದೆ.

೩. ಉತ್ತರ ಗೊತ್ತಿರುವ ಲೆಕ್ಕ

ಗುರುವಾರ ಬೆಳಗ್ಗೆ ಆರಕ್ಕೆ ವೇಗವನ್ನು ನಾಲ್ಕು ಪಾಯಿಂಟ್ ನಾಲ್ಕು ಗಿಗಾಹರ್ಟ್ಸಿಗೆ ಏರಿಸಿ ಪರೀಕ್ಷೆ ಹಚ್ಚಿದೆ. ಸಂಜೆ ಆರರವರೆಗೆ ನಿಲ್ಲದೆ ಓಡಬೇಕು. ಭಾಯಿಗೆ ತಡೆಯಲಾಗಲಿಲ್ಲ, ಆರೂವರೆಗೇ ಫೋನ್ ಬಂತು.

"ಏನು ಮಾಡಾಕತ್ತದ ಅಕ್ಕಾ?"

"ಲೆಕ್ಕ ಮಾಡಾಕತ್ತದ. ದೊಡ್ಡ ದೊಡ್ಡ ಲೆಕ್ಕ."

"ಉತ್ತರ ಬಂದ್ರ ನಮಗೇನು ಉಪಯೋಗ?"

"ಏನೂ ಇಲ್ಲ. ಉತ್ತರ ಮೊದಲೇ ಗೊತ್ತದ."

"ಗೊತ್ತಿದ್ದ ಮ್ಯಾಲ ಮತ್ತ ಯಾಕ ಮಾಡಸ್ತೀರಿ?"

"ತಪ್ಪು ಮಾಡ್ತದೇನು ನೋಡಾಕ."

"ತಪ್ಪು ಮಾಡ್ಲಿಲ್ಲಾಂದ್ರ?"

"ಮತ್ತ ಅದೇ ಲೆಕ್ಕ. ಸಂಜೀತನಕ."

ಫೋನಿನ ಆಚೆ ಭಾಯಿ ನಿಟ್ಟುಸಿರಿಟ್ಟರು. "ನಮ್ಮ ಗಣಿತದ ಮಾಸ್ತರೂ ಹಿಂಗ ಮಾಡ್ತಿದ್ರು ಅಕ್ಕಾ. ಅದಕ್ಕೇ ನಾ ಫೋಟೋ ತೆಗ್ಯಾಕ ಬಂದೆ."

೪. ಇನ್ನೂ ಸ್ವಲ್ಪ ಜೋರು

ಎಂಟು ಗಂಟೆಗೆ ನಾನು ಒಳಗೆ ಹೋಗಿ ರೊಟ್ಟಿ ಬಡಿದು ಬಂದು ನೋಡುತ್ತೇನೆ, ಪ್ರೊಸೆಸರ್ ತೊಂಬತ್ತು ಡಿಗ್ರಿಗೆ ಏರಿದೆ. ಹೋಗುವಾಗ ಎಪ್ಪತ್ತಿತ್ತು. ಮಷೀನು ನೋಡೋಣವೆಂದರೆ ಮಷೀನೇ ಕಾಣುತ್ತಿಲ್ಲ.

ಡಿಸೆಂಬರಿನ ಥಂಡಿ. ಕಟ್ಟೆಯ ನಾಲ್ವರು ಹಿರಿಯರು ಒಳಗೆ ಬಂದು, ಕಂಬಳಿ ಹೊದ್ದು, ಮಷೀನಿನ ಬೆನ್ನಿಗೆ ಸುತ್ತುಗಟ್ಟಿ ಕೂತಿದ್ದರು. ಬಿಸಿಗಾಳಿ ಬರುವ ಕಿಂಡಿಗೆ ಎಂಟು ಅಂಗೈಗಳು ಅಡ್ಡ ಇದ್ದವು. ಅವರಲ್ಲೊಬ್ಬರು ತಮ್ಮ ಒದ್ದೆ ಟವೆಲನ್ನೂ ಮೇಲಿನ ಕಿಂಡಿಯ ಮೇಲೆ ಹರವಿದ್ದರು.

"ಏಳ್ರಿ, ಏಳ್ರಿ! ಗಾಳಿ ಹೋಗವಲ್ದು ಅದಕ್ಕ!"

"ಹೋಗಾಕತ್ತದವಾ, ಭೇಷ್ ಹೋಗಾಕತ್ತದ" ಅಂದರು ಒಬ್ಬರು ಕೈ ತಿಕ್ಕಿಕೊಳ್ಳುತ್ತ.

ಅಷ್ಟರಲ್ಲಿ ಪರದೆ ನೀಲಿಯಾಗಿ ಮಷೀನು ನಿಂತಿತು. ಫ್ಯಾನಿನ ಸದ್ದು ಅಡಗಿತು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಟವೆಲಿನವರು ಕಿಂಡಿ ಮುಟ್ಟಿ ನೋಡಿ, ನನಗೆ ಸಮಾಧಾನ ಹೇಳುವ ದನಿಯಲ್ಲಿ ಅಂದರು: "ಆರಿತೇನವಾ? ಇರ್ಲಿ ಇರ್ಲಿ. ಮತ್ತ ಹಚ್ಚು. ಈ ಸಲ ಇನ್ನ ಸ್ವಲ್ಪ ಜೋರ್ ಇಡು."

ಓವರ್‌ಕ್ಲಾಕಿಂಗ್ ಮಾಡು ಎಂದು ತಾವಾಗಿಯೇ ನನ್ನನ್ನು ಕೇಳಿಕೊಂಡ ಗಿರಾಕಿ ಇವತ್ತಿನವರೆಗೆ ಅವರೊಬ್ಬರೇ.

೫. ಗಿರಣಿ

ಹಿರಿಯರನ್ನು ಹೊರಗೆ ಕಳಿಸಿ, ಮಷೀನಿನ ಬೆನ್ನಿಗೆ ಯಾರೂ ಬರದಂತೆ ಅಡ್ಡ ಒಂದು ಬೆಂಚು ಇಟ್ಟು, ಮತ್ತೆ ಹಚ್ಚಿದೆ. ಎಪ್ಪತ್ತು ಡಿಗ್ರಿಯಲ್ಲಿ ಸುಖವಾಗಿ ಓಡಿತು. ಮಧ್ಯಾಹ್ನ ಮಾವನವರು ಊಟ ಮುಗಿಸಿ ಬಂದು, "ನೀ ಉಣ್ಣು ಹೋಗವಾ, ನಾ ಅಂಗಡಿ ನೋಡ್ತೀನಿ" ಅಂದರು. ಉಂಡು ಬಂದೆ. ನೋಡಿದರೆ ಪರೀಕ್ಷೆ ನಿಂತಿದೆ, ಮಷೀನು ಏನೂ ತಿಳಿಯದವರಂತೆ ಹೊಸದಾಗಿ ಚಾಲೂ ಆಗಿ ಕೂತಿದೆ. ನಡುವೆ ಎಲ್ಲೋ ಕುಸಿದು ಮತ್ತೆ ಎದ್ದಿದೆ ಅಂದುಕೊಂಡೆ. ನಾಲ್ಕು ಪಾಯಿಂಟ್ ನಾಲ್ಕು ಇದಕ್ಕೆ ಹೆಚ್ಚಾಯಿತು.

ಶುಕ್ರವಾರ ನಾಲ್ಕು ಪಾಯಿಂಟ್ ಎರಡಕ್ಕೆ ಇಳಿಸಿದೆ. ಬೆಳಗ್ಗೆ ಆರರಿಂದ ಮಧ್ಯಾಹ್ನದವರೆಗೆ ಒಂದು ತಪ್ಪಿಲ್ಲ. ಉಂಡು ಬಂದರೆ ಮತ್ತೆ ಅದೇ ಕಥೆ.

ದಿನಾ ಅದೇ ಹೊತ್ತಿಗೆ ಬೀಳಬೇಕಾದರೆ ಕಾರಣ ಹೊರಗಿನದು. ನನ್ನ ತಲೆ ಓಡಿತು. ಪಕ್ಕದ ಗಲ್ಲಿಯಲ್ಲಿ ಹಿಟ್ಟಿನ ಗಿರಣಿ ಇದೆ. ಮಧ್ಯಾಹ್ನ ಜೋಳ ತುಂಬಿ ಮೋಟರ್ ಹಚ್ಚುತ್ತಾನೆ, ನಮ್ಮ ಸಾಲಿನ ಕರೆಂಟು ಕುಗ್ಗುತ್ತದೆ, ಪ್ರೊಸೆಸರ್ ಬೀಳುತ್ತದೆ. ಬರಾಬರ್! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಿರಣಿಗೆ ಹೋದೆ.

"ನಿಮ್ಮ ಮೋಟರಿನ ಸಲುವಾಗಿ ನನ್ನ ಬೋರ್ಡು ಇಳೀತದ! ಎರಡು ದಿನ ಮಧ್ಯಾಹ್ನ ಗಿರಣಿ ಬಂದ್ ಇಡ್ರಿ. ಒಬ್ಬರ ಇಜ್ಜತ್ ಪ್ರಶ್ನೆ ಅದ!"

ಗಿರಣಿಯವನು ನನ್ನ ಮಾತು ಪೂರ್ತಿ ಕೇಳಿಸಿಕೊಂಡ. ವೋಲ್ಟೇಜ್ ಅಂದರೇನು, ಅದು ಕುಗ್ಗಿದರೆ ಏನಾಗುತ್ತದೆ, ಎಲ್ಲ ಹೇಳಿದೆ. ಸುತ್ತ ಜನ ಕೂಡಿದರು. ಅವನು ಬಹಳ ಮರ್ಯಾದೆಯಿಂದ ಎದ್ದು, ಮೂಲೆಯಲ್ಲಿ ಹರಿದು ಬಿದ್ದಿದ್ದ ಮೋಟರಿನ ಬೆಲ್ಟನ್ನು ಎತ್ತಿ ತೋರಿಸಿದ.

"ಐತವಾರದಿಂದ ಗಿರಣಿ ಬಂದ್ ಅದ ಅಕ್ಕಾ. ಹೊಸಾ ಪಟ್ಟಾ ಇನ್ನ ಬಂದಿಲ್ಲ. ನಿಮ್ಮ ವೋಲ್ಟೇಜ್ ಯಾರು ತಿನ್ನಾಕತ್ಯಾರೋ, ಮನ್ಯಾಗೇ ಜರಾ ನೋಡಿಕೋರಿ."

ಅವನು ಸುಮ್ಮನೆ ಆಡಿದ ಮಾತು. ನಾನು ಅದನ್ನು ಕಿವಿಗೆ ಹಾಕಿಕೊಂಡಿದ್ದರೆ ಒಂದು ದಿನ ಉಳಿಯುತ್ತಿತ್ತು.

೬. ಮೇಜಿನ ಕೆಳಗೆ

ಶನಿವಾರ ಬೆಳಗ್ಗೆ ಸೋತ ಮನಸ್ಸಿನಿಂದ ಮಷೀನನ್ನು ಕಂಪನಿ ಕೊಟ್ಟ ಮೂರೂವರೆಗೇ ತಂದಿಟ್ಟೆ. ಇದರಲ್ಲೂ ಬಿದ್ದರೆ ಪ್ರೊಸೆಸರೇ ಮುಗಿದಂತೆ. ಭಾಯಿಗೆ ಫೋನ್ ಮಾಡಿ ಹೊಸದು ತಗೊಳ್ಳಿ ಎಂದು ನನ್ನ ಬಾಯಿಂದಲೇ ಹೇಳಬೇಕು. ಹೊಸ ಮಷೀನು ತಂದು, ಅದರಲ್ಲಿ ಎಲ್ಲ ಕೂಡಿಸಿ, ಮಂಗಳವಾರಕ್ಕೆ ವಿಡಿಯೋ ಕೊಡುವುದು ಆಗದ ಮಾತು. ಬೋರ್ಡು ಇಳಿಸಲು ಏಣಿ ಯಾರ ಮನೆಯಲ್ಲಿದೆ ಎಂದೂ ಯೋಚಿಸಿದೆ. ನಿಜ ಹೇಳುತ್ತೇನೆ, ಆ ಬೆಳಗ್ಗೆ ನನಗೆ ಅಳು ಬಂದಿತ್ತು.

ಶನಿವಾರ ನನ್ನದು ಒಪ್ಪತ್ತು, ಮಧ್ಯಾಹ್ನ ಊಟವಿಲ್ಲ. ಹಾಗಾಗಿ ಒಳಗೆ ಹೋಗಲಿಲ್ಲ. ಪ್ಲಗ್ ಎಲ್ಲಾದರೂ ಸಡಿಲವಿರಬಹುದೇ ಎಂದು ಟಾರ್ಚ್ ಹಿಡಿದು ಮೇಜಿನ ಕೆಳಗೆ ನುಸುಳಿದೆ. ಅಷ್ಟರಲ್ಲಿ ಎರಡು ಪಾದಗಳು ಒಳಗೆ ಬಂದವು. ಆ ಪಾದಗಳು ನನಗೆ ಚೆನ್ನಾಗಿ ಗೊತ್ತು. ಮೆಲ್ಲಗೆ ಬಂದು ಮೇಜಿನ ಪಕ್ಕ ನಿಂತವು. ಒಂದು ಕೈ ಗೋಡೆಯ ಸ್ವಿಚ್ಚಿನ ಕಡೆಗೆ ಹೋಯಿತು.

"ಸಾಕು, ಸಾಕು. ಹೊತ್ತು ನೆತ್ತಿಗಿ ಬಂತು. ನಿಂದೂ ಜೀವ ಅಲ್ಲೇನಪಾ?"

ಟಕ್!

ನಾನು ಎದ್ದ ರಭಸಕ್ಕೆ ತಲೆ ಮೇಜಿಗೆ ಬಡಿಯಿತು. "ಮಾವಾ!"

ಅವರೂ ಬೆಚ್ಚಿದರು. "ಅಲ್ಲೇನು ಮಾಡಾಕತ್ತೀ? ಉಣ್ಣಾಕ ಹೋಗಿಲ್ಲೇನು?"

"ಮೂರು ದಿನದಿಂದ ನೀವೇ ಬಂದ್ ಮಾಡಾಕತ್ತೀರೇನು?"

"ಬಂದ್ ಮಾಡಿ ಹಂಗ ಬಿಟ್ಟಿಲ್ಲವಾ. ಅರ್ಧ ತಾಸು ದಣಿವಾರಿಸಿಕೊಳ್ಳಾಕ ಬಿಟ್ಟು, ನೀ ಬರೂದ್ರಾಗ ಮತ್ತ ಹಚ್ಚಿರ್ತೀನಿ. ಮುಂಜಾನಿ ಹೂಡಿದ ಎತ್ತು ಮಧ್ಯಾಹ್ನ ಬಿಡಬೇಕೋ ಬ್ಯಾಡೋ? ನಾ ಉಂಡೆ, ನೀ ಉಣ್ಣಾಕ ಹೋದಿ. ಅದೊಂದೇ ಉಪಾಸ ದುಡೀಬೇಕೇನು?"

ನಾನು ಕೂಗಾಡಿದೆ. ಸುಳ್ಳು ಯಾಕೆ ಹೇಳಲಿ, ಮಾವನವರ ಮುಂದೆ ಅಷ್ಟು ದೊಡ್ಡ ದನಿ ಅದೇ ಮೊದಲು. ಮೂರು ದಿನ ಹೋಯಿತು, ಚೆನ್ನಾಗಿ ಓಡುತ್ತಿದ್ದುದನ್ನು ಕುಂಟೆತ್ತು ಮಾಡಿದೆ, ಊರೆದುರು ಗಿರಣಿಯವನ ಜೊತೆ ಜಗಳ ಕಾದೆ, ಒಂದು ಮಾತು ಹೇಳಬಾರದಿತ್ತೇ?

ಮಾವನವರು ತಣ್ಣಗೆ ಅಂದರು: "ಕೇಳಿದ್ರ ಹೇಳ್ತಿದ್ದೆ. ನೀ ಅದರ ವೋಲ್ಟೇಜ್ ಕೇಳಿದಿ, ನನ್ನ ಕೇಳ್ಲಿಲ್ಲ."

೭. ಸುಟ್ಟಿ

ಐತವಾರಕ್ಕೆ ಒಂದು ಒಪ್ಪಂದವಾಯಿತು. ಇದಕ್ಕೆ ದಣಿವಿಲ್ಲ ಮಾವಾ, ಅಂದೆ. ದಣಿವಿಲ್ಲಾಂದ್ರ ಮೈ ಯಾಕ ಬಿಸಿ ಆಗ್ತದ, ಅಂದರು. ಕೊನೆಗೆ ಅವರೇ ಟೇಬಲ್ ಫ್ಯಾನ್ ತಂದು ಅದರ ಮುಖಕ್ಕೆ ಹಿಡಿದು, ಇಡೀ ದಿನ ಪಕ್ಕದಲ್ಲಿ ಕೂಡುವುದು, ಮೈ ಮುಟ್ಟಿ ನೋಡುತ್ತಿರುವುದು ಎಂದಾಯಿತು. ಇನ್ನೂ ಒಂದು. ಅವರ ಮೊದಲ ಜೋಡಿ ಎತ್ತಿನ ಎರಡು ಗೆಜ್ಜೆಸರ ಒಳಗಿನ ಗೂಟಕ್ಕೆ ತೂಗುತ್ತಿದ್ದವು. ಒಂದನ್ನು ತಂದು ಮಷೀನಿಗೆ ಕಟ್ಟಿದರು. ದುಡಿಯುವ ಎತ್ತಿನ ಕೊರಳು ಬರಿದಾಗಿರಬಾರದಂತೆ.

ಇದರಿಂದ ನನಗೇ ಉಪಯೋಗವಾಯಿತು. ಪ್ರೊಸೆಸರ್ ಜೋರಾಗಿ ದುಡಿದಷ್ಟೂ ಫ್ಯಾನಿನ ನಡುಕಕ್ಕೆ ಗೆಜ್ಜೆ ಸಣ್ಣಗೆ ಝಣಝಣ ಅನ್ನುತ್ತಿತ್ತು. ಪರದೆ ನೋಡುವ ಕೆಲಸವೇ ಇಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಪರೀಕ್ಷೆ ನಡೆಯುತ್ತಿರುವುದು ಕೇಳುತ್ತಿತ್ತು. ನಾಲ್ಕು ಪಾಯಿಂಟ್ ಎರಡಕ್ಕೆ ಹಚ್ಚಿದ್ದೆ. ಸಂಜೆ ಆರು ಹೊಡೆದಾಗ ಹನ್ನೆರಡು ತಾಸು, ಒಂದೇ ಒಂದು ತಪ್ಪಿಲ್ಲ. ಮಾವನವರು ಮಷೀನಿನ ಬೆನ್ನು ಚಪ್ಪರಿಸಿದರು. ನಾನು ಬೋರ್ಡಿನ ಕಡೆ ನೋಡಿ ನಕ್ಕೆ.

ಸೋಮವಾರ ಬೆಳಗ್ಗೆ ಆರಕ್ಕೆ ಭಾಯಿ ಮೊದಲ ಬಸ್ಸಿಗೆ ಬಂದಿಳಿದರು, ಎದೆಗೆ ಹಾರ್ಡ್‌ಡಿಸ್ಕ್ ಅವಚಿಕೊಂಡು. ಅಂಗಡಿಯ ಬಾಗಿಲು ತೆರೆದರೆ ಮಷೀನಿನ ಪ್ಲಗ್ ಕಿತ್ತಿದೆ. ಮೈ ಒರೆಸಿ, ಹಣೆಯ ಜಾಗಕ್ಕೆ ವಿಭೂತಿ ಎಳೆದಿದೆ. ಎದುರಿಗೆ ಮಾವನವರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ.

"ಮಾವಾ, ಇದೇನ್ರಿ?"

"ಸೋಮವಾರ."

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಹದ ಬಂದು ನೆಲ ಕರೆಯುತ್ತಿದ್ದರೂ ಹೂಡುವುದಿಲ್ಲ. ಅದು ಬಸವಣ್ಣನ ದಿನ, ಎತ್ತಿಗೆ ಸುಟ್ಟಿ, ಅಂದರೆ ರಜೆ.

"ಇದು ಎತ್ತಲ್ರಿ ಮಾವಾ!"

"ಅಲ್ಲಾಂದ್ರ ಹಲ್ಲು ಯಾಕ ಅವ? ಗೆಜ್ಜಿ ಯಾಕ ಕಟ್ಟಿಸಿಕೊಂತು? ನಮ್ಮಪ್ಪ ಸೋಮವಾರ ಹೂಡಿಲ್ಲ, ನಾ ಹೂಡಿಲ್ಲ. ಈ ಹೊಸ್ತಿಲೊಳಗ ಆಗೂದಿಲ್ಲವಾ."

ಭಾಯಿಯ ಮುಖ ಬಿಳಿಚಿಕೊಂಡಿತು. ನಾಳೆ ಮಧ್ಯಾಹ್ನ ಬೀಗರು ಬರುತ್ತಾರೆ. ನಾನು ಇನ್ನೊಮ್ಮೆ ಕೂಗಾಡಲು ಬಾಯಿ ತೆರೆದೆ. ಭಾಯಿ ಕೈಸನ್ನೆ ಮಾಡಿ ನನ್ನನ್ನು ತಡೆದು, ಮಾವನವರ ಎದುರು ತಾವೂ ಚಕ್ಕಳಮಕ್ಕಳ ಹಾಕಿ ಕೂತರು. ಹುಟ್ಟಿದಾರಭ್ಯ ಇದೇ ನೆಲದಲ್ಲಿ ಬೆಳೆದವರು, ಯಾರ ಜೊತೆ ಯಾವ ಮಾತು ಎಂದು ಅವರಿಗೆ ಗೊತ್ತು.

"ಕಾಕಾ, ಎತ್ತು ಯಾರದು?"

"ನಿಂದು."

"ನಮ್ಮ ಮನಿ ಸುಟ್ಟಿ ಯಾವತ್ತು?"

ಮಾವನವರು ಯೋಚಿಸಿದರು. "ಶುಕ್ರವಾರ."

"ಮತ್ತ ನನ್ನ ಎತ್ತು ಯಾರ ಮನಿ ಪದ್ಧತಿ ನಡಸಬೇಕು?"

ಮಾವನವರು ಮಷೀನಿನ ಮೈ ಸವರಿದರು. "ಖರೆ" ಅಂದರು ಕೊನೆಗೆ. "ಧಣಿ ಪದ್ಧತಿನೇ ಎತ್ತಿಂದು. ಒಯ್ಯಿ. ನಿನ್ನ ಮನ್ಯಾಗ ಹೂಡು. ಆದ್ರ ಶುಕ್ರವಾರ ಹೂಡಿದ್ದು ಕಿವಿಗಿ ಬಿತ್ತಂದ್ರ ನಾನೇ ಹುಮನಾಬಾದಕ ಬರ್ತೀನಿ."

ದಾರಿಯಲ್ಲಿ ಅಲುಗಿ ಏನಾದರೂ ಸಡಿಲಾದರೆ ಎಂದು ನಾನೂ ಹೊರಟೆ. ಹತ್ತೊಂಬತ್ತು ವರ್ಷದಲ್ಲಿ ಅಂಗಡಿಗೆ ಬೀಗ ಬಿದ್ದ ಮೊದಲ ದಿನ ಅದು. ಬಸ್ಸು ತುಂಬಿತ್ತು. ಭಾಯಿಯ ತೊಡೆಯ ಮೇಲೆ ಚಾದರ ಹೊದ್ದ ಮಷೀನು, ಪ್ರತಿ ಗುಂಡಿಗೂ ಝಣ್ ಝಣ್. ಮುಂದಿನ ಸೀಟಿನ ಹೆಂಗಸು ಕಾಲು ಮೇಲೆತ್ತಿಕೊಂಡಳು. ಕಂಡಕ್ಟರ್ ಜನರ ಕಾಲುಗಳ ನಡುವೆ ಬಗ್ಗಿ ಬಗ್ಗಿ ಹುಡುಕುತ್ತ ಬಂದ.

"ಬಸ್ಸಿನ್ಯಾಗ ಕರ ಯಾರ್ರೀ ಹತ್ತಿಸ್ಯಾರ?"

"ಕರ ಅಲ್ರಿ, ಪ್ರೊಸೆಸರ್" ಅಂದರು ಭಾಯಿ.

"ಏನರೇ ಇರ್ಲಿ, ಮಂದಿಗಿ ಹಾಯಲಾರದಂಗ ಹಿಡ್ಕೋರಿ."

ಏಳೂವರೆಗೆ ಹುಮನಾಬಾದಿನ ಸ್ಟುಡಿಯೋದಲ್ಲಿ ರೆಂಡರ್ ಹಚ್ಚಿದೆವು. ದಿನವಿಡೀ ನಾವಿಬ್ಬರೂ ಕಿವಿಯಲ್ಲೇ ಜೀವ ಇಟ್ಟುಕೊಂಡು ಕೂತಿದ್ದೆವು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಕೆಮ್ಮಿದರೂ ಭಾಯಿ "ಶ್!" ಅನ್ನುತ್ತಿದ್ದರು. ಎರಡು ಗಂಟೆಗೆ ಕರೆಂಟ್ ಹೋಯಿತು. ಇನ್ವರ್ಟರ್ ಹಿಡಿಯಿತು, ಗೆಜ್ಜೆ ನಿಲ್ಲಲಿಲ್ಲ. ಸಂಜೆ ಏಳಕ್ಕೆ ಗೆಜ್ಜೆ ತಾನಾಗಿ ಮೆಲ್ಲಗಾಗಿ ನಿಂತಿತು. ಇಬ್ಬರೂ ಹೆದರಿ ಪರದೆ ನೋಡಿದೆವು. ವಿಡಿಯೋ ಮುಗಿದಿತ್ತು. ಹನ್ನೊಂದೂವರೆ ತಾಸು! ಭಾಯಿ ಮಷೀನಿನ ಮೇಲೆ ಹಣೆ ಇಟ್ಟು, ಎದ್ದು, ಹಣೆಗೆ ಹತ್ತಿದ ವಿಭೂತಿಯನ್ನು ಒರೆಸಿಕೊಳ್ಳದೆಯೇ ನನಗೆ ಚಹಾ ಹೇಳಿದರು.

ಮಂಗಳವಾರ ಸಂಜೆ ಫೋನ್ ಬಂತು. ಮೂರೂವರೆ ತಾಸಿನ ವಿಡಿಯೋವನ್ನು ಬೀಗರು ಕದಲದೆ ನೋಡಿದರಂತೆ. ಊಟ ಆರಿಹೋಯಿತಂತೆ, ಯಾರೂ ಬೈಯಲಿಲ್ಲವಂತೆ. ಉಳಿದ ಇಬ್ಬರು ಹೆಣ್ಣುಮಕ್ಕಳ ಲಗ್ನವೂ ಭಾಯಿಗೇ. ನನ್ನ ಬೋರ್ಡು ಇದ್ದಲ್ಲೇ ಉಳಿಯಿತು.

ಇದ್ದಲ್ಲೇ ಇತ್ತು, ಇದ್ದ ಹಾಗೆ ಇರಲಿಲ್ಲ. ಮುಂದಿನ ಸೋಮವಾರ ಬೆಳಗ್ಗೆ ಬಾಗಿಲು ತೆರೆಯಲು ಹೋದವಳು ತಲೆ ಎತ್ತಿ ನೋಡುತ್ತೇನೆ, ಬೋರ್ಡಿನ ಕೆಳಗೆ ಹಸಿ ಬಣ್ಣದಲ್ಲಿ ಬರೆದಿದೆ: 'ಸೋಮವಾರ ರಜೆ'. ಮಾವನವರು ಪೇಂಟರನ್ನು ಕರೆಸಿ ಬರೆಸಿದ್ದರು. ನನ್ನ ಕಣ್ಣು ತುಂಬಿ ಬಂತು. ಹತ್ತೊಂಬತ್ತು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ನನಗೂ ಸುಟ್ಟಿ ಕೊಟ್ರಲ್ಲ ಮಾವಾ!"

"ನಿನಗಲ್ಲವಾ, ಮಷೀನಿಗಿ" ಅಂದರು. "ಅಂಗಡ್ಯಾಗಿಂದು ಯಾವುದೂ ಇವತ್ತು ಹೂಡಂಗಿಲ್ಲ. ಹೆಂಗೂ ನಿನಗ ಹೊತ್ತು ಸಿಕ್ಕದ, ಈ ಜ್ವಾಳ ಹಸನ ಮಾಡು." ತುಂಬಿದ ಮೊರವೊಂದನ್ನು ನನ್ನ ಮುಂದಿಟ್ಟರು. ಪಕ್ಕದಲ್ಲಿ ಮುಕ್ಕಾಲು ಚೀಲ ಕಾಯುತ್ತಿತ್ತು.

ಕೂಗಾಡಲಿಲ್ಲ. ಒಂದು ನಿಮಿಷ ಮೊರ ನೋಡಿದೆ, ಒಂದು ನಿಮಿಷ ಮಾವನವರನ್ನು ನೋಡಿದೆ. ಆಮೇಲೆ ಒಳಗೆ ಹೋಗಿ, ಗೂಟದಲ್ಲಿ ಉಳಿದಿದ್ದ ಇನ್ನೊಂದು ಗೆಜ್ಜೆಸರ ತೆಗೆದು ನನ್ನ ಕೊರಳಿಗೆ ಹಾಕಿಕೊಂಡು ಬಂದು, ಅಂಗಡಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತೆ. ಝಣ್ ಅಂತು.

ಮಾವನವರು ನೋಡಿದರು. ಗೆಜ್ಜೆಸರ ಮತ್ತೊಮ್ಮೆ ನೋಡಿದರು. ನಂತರ ಮೊರವನ್ನು ತಾವೇ ಎತ್ತಿಕೊಂಡು ಒಳಗೆ ನಡೆದರು. ಸ್ವಲ್ಪ ಹೊತ್ತಿಗೆ ಜೋಳ ಕೇರುವ ಸದ್ದು ಕೇಳತೊಡಗಿತು, ಅದರ ಜೊತೆಗೇ ಅವರ ದನಿ:

"ಹೊತ್ತು ಮುಳುಗೂತನಕ ಕೊರಳಾಗಿಂದು ತೆಗೀಬ್ಯಾಡವಾ. ತೆಗೆದಿ ಅಂದ್ರ ಹೂಡ್ತೀವಿ."